ಇಟಲಿಯ ಹಗೇವಿನ ಬಾಯಲ್ಲಿ

ಇಟಲಿಯಿಂದ ಬಂದ ಮೇಲೆ ರಾಣೆಬೆನ್ನೂರಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು, ವಾಲಿದ ಗೋಪುರ ನೋಡಿದಿರಾ ಎಂದು. ನೋಡಲಿಲ್ಲ. ರೋಮಿನಲ್ಲಿ ವಿಮಾನ ನಿಲ್ದಾಣ ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾವು ಹೋಗಿದ್ದು ದಕ್ಷಿಣದ ಗೋಧಿ ಸೀಮೆಯ ಒಂದು ಹಳೆಯ ತೋಟದ ಮನೆಗೆ. ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ನನಗೆ ಕಾಣದೆ ಹೋದದ್ದು ಎಲ್ಲಿದೆಯೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ಬ್ಯಾಡಗಿ

ನಾನು ರಾಣೆಬೆನ್ನೂರಿನಲ್ಲಿ ಕಟ್ಟಡದ ಕೆಲಸ ಮಾಡಿಸುವವನು. ಈಚಿನ ವರ್ಷಗಳಲ್ಲಿ ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ, ವಾಸಕ್ಕೆ ಯೋಗ್ಯ ಮಾಡಿಕೊಡುವ ಕೆಲಸವನ್ನೇ ಹೆಚ್ಚಾಗಿ ಹಿಡಿಯುತ್ತಿದ್ದೇನೆ. ಬ್ಯಾಡಗಿಯಲ್ಲಿ ನನ್ನ ಅಕ್ಕ ಗಂಗವ್ವನ ಗಂಡನ ಮನೆ ಒಂದು ವಾಡೆ, ಕೂಡುಕುಟುಂಬದ ದೊಡ್ಡ ಹಳೆಯ ಮನೆ. ಮಣ್ಣಿನ ಮಾಳಿಗೆ ಎರಡು ಕಡೆ ಕುಸಿದಿತ್ತು. ಆದರೆ ತೊಲೆಗಳು ಗಟ್ಟಿಯಾಗಿದ್ದವು. ಗೋಡೆಗಳು ಒಬ್ಬ ಮನುಷ್ಯ ಮೇಲೆ ಹಾಸಿಕೊಂಡು ಮಲಗುವಷ್ಟು ಅಗಲ. ಅದನ್ನು ಮೂರು ಮನೆಗಳಾಗಿ ಮಾಡುವುದೆಂದು ಅಕ್ಕನ ಮೈದುನರೂ ಒಪ್ಪಿದ್ದರು. ಸಿಮೆಂಟು ಬೇಡ, ಅದೇ ಕಲ್ಲು, ಅದೇ ಕಟ್ಟಿಗೆ, ಅದೇ ಮಣ್ಣು.

ಪಡಸಾಲೆಯ ನಡುವೆ ಒಂದು ಹಗೇವು ಇದೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ ಅದು. ಒಳಗೆ ಹೊಟ್ಟೆ ಅಗಲ, ಮೇಲೆ ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಬಾಯಿಗೊಂದು ಚಪ್ಪಡಿ ಕಲ್ಲು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅದಕ್ಕೆ ಜನ ಕಾವು ಎನ್ನುತ್ತಾರೆ. ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಡುತ್ತಾರೆ. ಕಂದೀಲು ಆರಿದರೆ ಯಾರೂ ಇಳಿಯುವುದಿಲ್ಲ.

ಮಾಳಿಗೆಯ ಮಳೆನೀರನ್ನು ಆ ಹಗೇವಿನಲ್ಲಿ ಹಿಡಿದಿಟ್ಟರೆ ಮೂರು ಮನೆಗೂ ಆಗುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಅಕ್ಕ ಕೇಳಿಸಿಕೊಂಡು, "ಅದೊಂದನ್ನ ಬಿಟ್ಟು ಮಾತಾಡು ತಮ್ಮಾ" ಎಂದಳು.

ಕಾರಣ ನನಗೆ ಗೊತ್ತಿತ್ತು. ಅಕ್ಕನ ಮಗಳು ವಿನುತಾ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಆ ಹಗೇವಿನಲ್ಲಿ ಇಬ್ಬರು ಸತ್ತರು. ಬಿತ್ತನೆಯ ಅವಸರದಲ್ಲಿ ಕಂದೀಲು ಬಿಡದೆ ಮೊದಲು ಇಳಿದವನು ಕಿರಿಯ ಮೈದುನ. ಅವನನ್ನು ಎತ್ತಲು ಇಳಿದವನು ಅಕ್ಕನ ಗಂಡ. ಅಕ್ಕ ಆಗ ಅಡುಗೆಮನೆಯಲ್ಲಿದ್ದಳು, ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮಗೆಲ್ಲ ಗೊತ್ತಿದ್ದದ್ದು ಇಷ್ಟು. ವಿನುತಾ ಬೆಳೆದದ್ದೂ ಇದನ್ನೇ ಕೇಳಿ.

ವಿನುತಾ ಹಳೆಯ ಕಟ್ಟಡಗಳ ದುರಸ್ತಿಯನ್ನೇ ಓದಿ, ಸುಣ್ಣ ಮತ್ತು ಮಣ್ಣಿನ ಕೆಲಸ ಕಲಿಯಲು ಇಟಲಿಗೆ ಹೋದವಳು ಅಲ್ಲೇ ಕೆಲಸಕ್ಕೆ ನಿಂತಿದ್ದಳು. ಫೋನಿನಲ್ಲಿ ಅವ್ವನಿಗೆ ಹೇಳಿದಳು: "ಇಲ್ಲೂ ನೆಲದಾಗ ಹಗೇವು ಅದಾವ ಅವ್ವಾ. ನೀ ಒಮ್ಮೆ ಬಂದು ನೋಡು. ಆಮ್ಯಾಲೆ ಬ್ಯಾಡಂದ್ರ ಬ್ಯಾಡ."

ಅಕ್ಕ ಒಪ್ಪಿದ್ದು ಹಗೇವು ನೋಡಲಿಕ್ಕಲ್ಲ, ಮಗಳನ್ನು ನೋಡಲಿಕ್ಕೆ. ಸ್ಟೇಷನ್ನಿಗೆ ನಮ್ಮನ್ನು ಬಿಡಲು ಬಂದ ಆಟೋದವನಿಗೆ ನಾವು ಇಟಲಿಗೆ ಹಳೆಯ ಮನೆ ನೋಡಲು ಹೊರಟಿದ್ದೇವೆಂದು ಕೇಳಿ ನಗು ತಡೆಯಲಾಗಲಿಲ್ಲ.

"ಬಿದ್ದ ಮನಿ ನೋಡಾಕ ಇಮಾನ ಹತ್ತಬೇಕೇನ್ರಿ ಸಾಹೇಬ್ರ? ನಮ್ಮೂರ ಐರಣಿಗೆ ಬರ್ರಿ, ಬೇಕಾದಷ್ಟು ತೋರಸ್ತೇನಿ. ನಮ್ಮದ ಒಂದೈತಿ."

"ನಿಂದು ಬಿದ್ದೈತೋ, ನೀನ ಕೆಡವೀಯೋ?" ಎಂದಳು ಅಕ್ಕ.

"ಅರ್ಧ ಅದು ಬಿತ್ತು, ಅರ್ಧ ನಾ ಕೆಡವಿದ್ನಿರಿ ಅವ್ವಾರ."

ರೋಮಿನ ವಿಮಾನ ನಿಲ್ದಾಣ

ಅಕ್ಕನ ಚೀಲದಲ್ಲಿ ಒಂದು ಗಂಟು ಕಡಕ್ ರೊಟ್ಟಿಗಳಿದ್ದವು. ತಪಾಸಣೆಯ ಅಧಿಕಾರಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬೆರಳಿನಿಂದ ತಟ್ಟಿದ. ಪೆಟ್ಟಿಗೆಯ ರಟ್ಟು ಎಂದುಕೊಂಡನೋ ಏನೋ, ಪಕ್ಕಕ್ಕೆ ಇಟ್ಟು ಅದರ ಕೆಳಗೆ ಏನಿದೆ ಎಂದು ಹುಡುಕತೊಡಗಿದ.

"ತಿನ್ನೂದಪಾ ಇದು, ತಿನ್ನೂದು" ಎಂದು ಅಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವನು ಅವಳು ಅಗಿಯುವುದನ್ನೇ ಗಮನವಿಟ್ಟು ನೋಡಿ, ಉಳಿದದ್ದನ್ನು ಒಂದೊಂದಾಗಿ ಹಾಗೆಯೇ ಜೋಡಿಸಿ ಕಟ್ಟಿಕೊಟ್ಟ. ಒಂದೂ ಮುರಿದಿರಲಿಲ್ಲ. "ಚೊಲೊ ಮಂದಿ" ಎಂದಳು ಅಕ್ಕ. ಆ ದೇಶದ ಬಗ್ಗೆ ಅವಳು ಆಡಿದ ಮೊದಲ ಮಾತು ಅದು.

ತೋಟದ ಮನೆ

ಕೊಯ್ಲಾದ ಗೋಧಿಯ ಹೊಲಗಳ ನಡುವೆ ಆ ಮನೆ ಒಂಟಿಯಾಗಿತ್ತು. ಹಾವೇರಿಯ ದಾರಿಯಲ್ಲಿ ಜೋಳ ಕಿತ್ತ ಮೇಲೆ ಹೊಲಗಳು ಹೇಗೆ ಕಾಣುತ್ತವೆಯೋ ಹಾಗೆಯೇ, ಆದರೆ ನೆಲ ನಮ್ಮ ಎರೆಮಣ್ಣಿನಷ್ಟು ಕಪ್ಪಲ್ಲ. ಹಿಂದೆ ಯಾವನೋ ಜಮೀನುದಾರನ ಕಣಜ ಮತ್ತು ಆಳುಗಳ ಕೋಣೆಗಳಾಗಿದ್ದ ಕಟ್ಟಡ. ಬಿಳಿಯ ಮೆದುಕಲ್ಲಿನ ಗೋಡೆ, ಕಮಾನಿನ ಚಾವಣಿ. ಬಹಳ ಕಾಲ ಖಾಲಿ ಬಿದ್ದಿತ್ತು.

ಅದನ್ನು ಕೊಂಡು ಮನೆ ಮಾಡುತ್ತಿದ್ದವರು ಪಾವ್ಲೋ ಮತ್ತು ಮಿಕೇಲೆ ಎಂಬ ಅಣ್ಣತಮ್ಮಂದಿರು. ಅಣ್ಣನಿಗೊಂದು, ತಮ್ಮನಿಗೊಂದು, ತಾಯಿಗೊಂದು. ತಾಯಿ ತೆರೇಸಾ ಹುಡುಗಿಯಾಗಿದ್ದಾಗ ಅದೇ ಅಂಗಳದಲ್ಲಿ ಜಮೀನುದಾರನ ಗೋಧಿ ಕೇರಲು ಕೂಲಿಗೆ ಬರುತ್ತಿದ್ದಳಂತೆ. ವಿನುತಾ ಆ ಮನೆಯ ಗೋಡೆ ಕೆಲಸದ ಮೇಲ್ವಿಚಾರಕಿ. ಮೂರು ಪಾಲೆಂದು ಕೇಳಿ ಅಕ್ಕ, "ನಮ್ಮಾಂಗ" ಎಂದಳು.

ಆ ಅಂಗಳದಿಂದ ಏನೂ ಹೊರಗೆ ಹೋಗಬಾರದು ಎಂಬುದು ಅಣ್ಣತಮ್ಮಂದಿರ ಹಟ. ಗೋಡೆಗೆ ಮೆತ್ತಿ ಉದುರಿದ ಗಿಲಾವನ್ನು ಜರಡಿಯಲ್ಲಿ ಸಾಣಿಸಿ ಮತ್ತೆ ಬಳಸುತ್ತಿದ್ದರು. ಹುಳ ತಿಂದ ತೊಲೆಯನ್ನು ಕೊಯ್ದು ಗಟ್ಟಿ ಭಾಗದಿಂದ ಕಿಟಕಿ ಮಾಡುತ್ತಿದ್ದರು. ಯಾರೂ ಕೊಳ್ಳದ ಒರಟು ಕುರಿ ಉಣ್ಣೆಯನ್ನು ತಂದು ಚಾವಣಿಯ ಹಲಗೆಗಳ ನಡುವೆ ತುಂಬುತ್ತಿದ್ದರು. ಚಳಿಗಾಲದಲ್ಲಿ ಬೆಂಕಿ ಕಡಿಮೆ ಸಾಕಾಗುತ್ತದೆಂದು. ಅಕ್ಕ ಕತ್ತೆತ್ತಿ ನೋಡಿ, "ಮನಿಗೆ ಕಂಬಳಿ ಹೊಚ್ಚಾಕತ್ತಾರ ನೋಡ" ಎಂದಳು. ವಿನುತಾ ಅದನ್ನು ಹೇಳಿದಾಗ ಪಾವ್ಲೋ ಏಣಿಯ ಮೇಲೆ ನಿಂತೇ ಜೋರಾಗಿ ನಕ್ಕ. ಅಂದಿನಿಂದ ಆ ಚಾವಣಿಯ ಕೋಣೆಯನ್ನು ಅವನು ಕಂಬಳಿ ಎಂದೇ ಕರೆದ. ಅವನ ಬಾಯಲ್ಲಿ ಅದು 'ಕಂಬೇಲಿ' ಆಗಿತ್ತು.

ತೆರೇಸಾ ನಮಗೆ ಕಲ್ಲಿನಂಥ ಒಣ ರೊಟ್ಟಿ ಕೊಟ್ಟಳು. ಅದನ್ನು ನೀರಲ್ಲಿ ಅದ್ದಿ, ಟೊಮೆಟೊ ಉಜ್ಜಿ, ಎಣ್ಣೆ ಹಾಕಿ ತಿನ್ನಬೇಕು. ಅಕ್ಕ ತನ್ನ ಕಡಕ್ ರೊಟ್ಟಿಯನ್ನು ಅದರ ಪಕ್ಕ ಇಟ್ಟಳು. ಇಬ್ಬರು ಹೆಂಗಸರೂ ಒಬ್ಬರದನ್ನೊಬ್ಬರು ತಟ್ಟಿ ಸದ್ದು ಕೇಳಿದರು. ಗೋಡೆಗೆ ತೂಗುಹಾಕಿದ್ದ ಕೆಂಪು ಮೆಣಸಿನಕಾಯಿಯ ಸರವನ್ನು ಅಕ್ಕ ಮೂಸಿ ನೋಡಿ, "ನಮ್ಮ ಬ್ಯಾಡಗಿ ಕಾಯಿಗೆ ತಂಗಿ ಆಗಬೇಕು. ಬಣ್ಣೈತಿ, ಸಿಟ್ಟಿಲ್ಲ" ಎಂದಳು.

ಒಳಗೋಡೆಗೆ ಮಣ್ಣಿನ ಗಿಲಾವು. ಮಣ್ಣಿಗೆ ಗೋಧಿ ಹುಲ್ಲು ಬೆರೆಸಿ, ನೀರು ಹಾಕಿ ವಾರಗಟ್ಟಲೆ ಕೊಳೆಸುತ್ತಾರೆ. ಕೊಳೆತಷ್ಟೂ ಅಂಟು ಬರುತ್ತದೆ. ನಮ್ಮಲ್ಲೂ ಹಾಗೆಯೇ. ಐರಣಿಯಲ್ಲಿ ನಮ್ಮಜ್ಜನ ಕಾಲದವರು ಹಿತ್ತಲಲ್ಲಿ ತಗ್ಗು ತೆಗೆದು, ಹೊಟ್ಟು ಹಾಕಿ, ಎತ್ತಿನಿಂದ ತುಳಿಸಿ ಮಣ್ಣು ಹದ ಮಾಡುತ್ತಿದ್ದರು. ಪಾವ್ಲೋ ಒಂದು ಮುದ್ದೆ ತಂದು ನನ್ನ ಅಂಗೈಯಲ್ಲಿಟ್ಟು ಮೂಸಲು ಹೇಳಿದ. ಹಳೆಯ ವಾಸನೆ. ನನಗೆ ಸಂತೋಷವಾಯಿತು.

ಒಂದೇ ವ್ಯತ್ಯಾಸ. ನಮ್ಮವರು ಕೊಳೆಸುವುದು ಬಯಲಲ್ಲಿ. ಇವರು ಕೊಳೆಸಿದ್ದು ಜಮೀನುದಾರನ ಕಾಲದ ಗೋಧಿಯ ಹಗೇವಿನಲ್ಲಿ. ಅಂಗಳದ ಮೂಲೆಯಲ್ಲಿ ಅದರ ಬಾಯಿ, ಬಾಯಿಗೆ ಮರದ ಮುಚ್ಚಳ. ಒಳಗೆ ತಂಪು, ಬಿಸಿಲಿಗೆ ಮಣ್ಣು ಒಣಗುವುದಿಲ್ಲ, ಹೊಸ ತಗ್ಗು ತೋಡುವ ಯಂತ್ರ ಬೇಕಿಲ್ಲ ಎಂದು ಪಾವ್ಲೋ ವಿವರಿಸಿದ. ಒಳ್ಳೆಯ ಯೋಚನೆ ಎಂದು ನಾನೂ ಹೇಳಿದೆ.

ಅಕ್ಕ ಹತ್ತಿರ ಬರಲಿಲ್ಲ. ದೂರದಿಂದಲೇ ಮಗಳನ್ನು ಕೇಳಿದಳು: "ಅದರಾಗ ಯಾರರೆ ಇಳೀತಾರೇನು?"

"ಇಲ್ಲವ್ವಾ. ಮ್ಯಾಲೆ ನಿಂತು ಹಗ್ಗ ಬಿಟ್ಟು ಬಕೀಟಿನ್ಯಾಗ ಎತ್ತತಾರ."

"ಹಂಗಾರ ಆತು."

ಆ ದಿನ ಅದು ನಿಜವಾಗಿತ್ತು. ಮಣ್ಣು ಬಾಯಿಯ ಹತ್ತಿರದವರೆಗೂ ಇತ್ತು.

ಹಗೇವು

ಆ ಸೀಮೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಊರಿಗೆ ಊರೇ ಮಲಗುತ್ತದೆ. ಅಂಗಡಿಗಳ ಬಾಗಿಲು ಎಳೆದಿರುತ್ತಾರೆ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೆಣಸಿನಕಾಯಿ ಮಾರಾಟದ ಟೆಂಡರ್ ಇಲ್ಲದ ದಿನದ ಬ್ಯಾಡಗಿ ಮಾರುಕಟ್ಟೆಯ ಹಾಗೆ. ನಾವು ಬಂದು ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಣ್ಣತಮ್ಮಂದಿರು ಮಲಗಲಿಲ್ಲ. ತಾಯಿಯ ಕೋಣೆಯ ಕೊನೆಯ ಗೋಡೆಗೆ ಸ್ವಲ್ಪ ಮಣ್ಣು ಬೇಕಿತ್ತು. ಹಗೇವಿನ ಮಣ್ಣು ತಳಕ್ಕೆ ಹೋಗಿ, ಬಕೆಟ್ಟಿಗೆ ಸಿಗುತ್ತಿರಲಿಲ್ಲ.

ನಾನು ನೆರಳಲ್ಲಿ ಕುಳಿತಿದ್ದೆ. ಅಕ್ಕ ಮತ್ತು ತೆರೇಸಾ ಕಟ್ಟೆಯ ಮೇಲೆ ಅವರೆಯಂಥ ಯಾವುದೋ ಕಾಯಿ ಸುಲಿಯುತ್ತಿದ್ದರು. ವಿನುತಾ ಒಳಗಿದ್ದಳು. ಪಾವ್ಲೋ ಏಣಿ ಇಳಿಬಿಟ್ಟದ್ದನ್ನು ನಾನು ಕಾಣಲಿಲ್ಲ. ಕಂಡಿದ್ದರೆ ಏನು ಮಾಡುತ್ತಿದ್ದೆ ಎಂದು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ನೆಲದೊಳಗಿಂದ ಸಲಿಕೆಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ನಿಂತಿತು.

ಬಾಯಿಯ ಬಳಿ ಹಗ್ಗ ಹಿಡಿದು ನಿಂತಿದ್ದ ಮಿಕೇಲೆ ಕೆಳಗೆ ಬಗ್ಗಿ ಏನೋ ಅಂದ. ನಿದ್ದೆ ಬಂತೇನೋ ಎಂದು ತಮಾಷೆ ಮಾಡಿದ್ದನಂತೆ. ಒಳಗಿಂದ ಕೇಳಿಸಿಕೊಂಡಿದ್ದ ವಿನುತಾ ಆಮೇಲೆ ಹೇಳಿದಳು. ಉತ್ತರ ಬರಲಿಲ್ಲ. ಎರಡನೆಯ ಸಲ ಅವನು ಕರೆದದ್ದು ಹೆಸರು ಹಿಡಿದು. ಆ ದನಿ ಬದಲಾದದ್ದು ಅಕ್ಕನಿಗೆ ನನಗಿಂತ ಮೊದಲು ತಿಳಿಯಿತು. ಅವಳ ಮಡಿಲಿನ ಕಾಯಿಗಳು ಅಂಗಳದ ತುಂಬ ಚೆಲ್ಲಿದ್ದನ್ನು ಕಂಡೆ. ಅಷ್ಟರಲ್ಲಿ ಅವಳು ಓಡುತ್ತಿದ್ದಳು.

ಮಿಕೇಲೆಯ ಎರಡೂ ಕಾಲು ಏಣಿಯ ಮೇಲಿದ್ದವು. ಎದೆಯಿಂದ ಮೇಲೆ ಮಾತ್ರ ಹೊರಗಿದ್ದ. ಅಕ್ಕ ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದಳು. ಮೆಣಸಿನಕಾಯಿ ಚೀಲ ಎತ್ತಿ ಪಳಗಿದ ಕೈ. ಇಬ್ಬರೂ ಅಂಗಾತ ಬಿದ್ದರು. ಅವನು ತಿರುಗಿ ಮತ್ತೆ ಬಾಯಿಯ ಕಡೆ ತೆವಳಿದ. ಅವಳು ಅವನ ಎದೆ ತಬ್ಬಿ ಹಿಡಿದದ್ದನ್ನು ಬಿಡಲಿಲ್ಲ.

"ಬ್ಯಾಡೋ ತಮ್ಮಾ, ಬ್ಯಾಡ! ಕಾವು ಐತಿ! ಇಳದವ್ರು ಮ್ಯಾಲೆ ಬರಂಗಿಲ್ಲೋ!"

ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅವನು ಅವಳ ಮುಂಗೈ ಕಚ್ಚಿದ. ಅವಳು ಬಿಡಲಿಲ್ಲ. "ನಿಂತೀಯಲ್ಲೋ, ಕಾಲು ಹಿಡಿ!" ಎಂದು ನನಗೆ ಕೂಗಿದಳು. ಆವರೆಗೆ ನಾನು ನಿಂತೇ ಇದ್ದೆ. ಆಮೇಲೆ ಅವನ ಕಾಲುಗಳ ಮೇಲೆ ಕುಳಿತೆ.

ವಿನುತಾ ಓಡಿ ಬಂದಳು. ಒಳಗೆ ಗಾಳಿಯಿಲ್ಲ ಎಂದು ಅವರ ಭಾಷೆಯಲ್ಲಿ ಕೂಗುತ್ತ ಫೋನು ಮಾಡಿದಳು. ಕಲ್ಲಿನ ಧೂಳು ಊದುವ ಯಂತ್ರದ ಕೊಳವೆಯನ್ನು ಎಳೆದು ತಂದು ಹಗೇವಿನೊಳಗೆ ಬಿಟ್ಟು ಚಾಲು ಮಾಡಿದಳು. ನಮ್ಮಲ್ಲಿ ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ ಗಾಳಿ ಕಲಕುತ್ತಾರೆ. ಅಕ್ಕ ಬಿದ್ದಲ್ಲಿಂದಲೇ ಅದನ್ನೂ ಹೇಳಿದಳು, ವಿನುತಾ ಅವರ ಭಾಷೆಗೆ ತಂದಳು. ತೆರೇಸಾ ಆಲಿವ್ ಮರದ ಟೊಂಗೆಯೊಂದನ್ನು ಕೈಯಿಂದಲೇ ಮುರಿದು ತಂದಳು. ಎಲ್ಲಿಂದ ಬಂತು ಆ ಶಕ್ತಿ, ತಿಳಿಯದು. ವಿನುತಾ ಕಟ್ಟಿದಳು. ತಾಯಿ ಇಳಿಸಿದಳು, ಎತ್ತಿದಳು. ಇಳಿಸಿದಳು, ಎತ್ತಿದಳು. ಪ್ರತಿ ಸಲ ಟೊಂಗೆ ಮೇಲೆ ಬಂದಾಗ ಎಲೆಗಳ ತುದಿಗೆ ಮಣ್ಣು ಹತ್ತಿರುತ್ತಿತ್ತು. ಪ್ರತಿ ಸಲ ಅವಳು ಆ ಎಲೆಗಳನ್ನು ನೋಡುತ್ತಿದ್ದಳು.

ಮಿಕೇಲೆ ಸ್ವಲ್ಪ ಹೊತ್ತಿನ ಮೇಲೆ ಒದೆಯುವುದನ್ನು ಬಿಟ್ಟ. ನಾವು ಆಗಲೂ ಬಿಡಲಿಲ್ಲ.

ಅಗ್ನಿಶಾಮಕದವರು ಮುಖಕ್ಕೆ ಮುಸುಕು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದರು. ಪಾವ್ಲೋನನ್ನು ಪಟ್ಟಿಗಳಲ್ಲಿ ಕಟ್ಟಿ ಎತ್ತಿದರು. ಮುಖದ ಮೇಲೆ ಮಣ್ಣಿತ್ತು, ಹುಲ್ಲಿನ ಚೂರುಗಳಿದ್ದವು. ಅವರು ಅಂಗಳದಲ್ಲೇ ಬಹಳ ಹೊತ್ತು ಎದೆ ಒತ್ತಿದರು. ಆಮೇಲೆ ನಿಲ್ಲಿಸಿದರು. ಅವರಲ್ಲಿ ಹಿರಿಯನೊಬ್ಬ ಮಿಕೇಲೆಯ ಮುಂದೆ ಮಂಡಿಯೂರಿ, ನೀನೂ ಇಳಿದಿದ್ದರೆ ಇಬ್ಬರನ್ನು ಎತ್ತುತ್ತಿದ್ದೆವು ಎಂದ. ಮಿಕೇಲೆ ಕೇಳಿಸಿಕೊಂಡದ್ದು ನಿಜ. ಆದರೆ ಎದ್ದು ಹೋಗುವಾಗ ಅವನು ಅಕ್ಕನ ಮುಂದೆ ನಿಂತು, ತನ್ನದೇ ಭಾಷೆಯಲ್ಲಿ, ಮೆಲ್ಲಗೆ ಏನೋ ಹೇಳಿದ. ವಿನುತಾ ಅದನ್ನು ನಮಗೆ ಹೇಳಲಿಲ್ಲ. ನಾವು ಕೇಳಲಿಲ್ಲ.

ಗೋಡೆಯ ಮೇಲಿನ ಹೆಸರು

ಆ ಊರಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ದೊಡ್ಡ ಕಾಗದದಲ್ಲಿ ಹೆಸರು ಅಚ್ಚು ಹಾಕಿಸಿ ಗೋಡೆಗಳಿಗೆ ಅಂಟಿಸುತ್ತಾರೆ. ನಮ್ಮಲ್ಲಿ ಸರ್ಕಲ್ಲಿಗೆ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುವ ಹಾಗೆ. ಇವರದರಲ್ಲಿ ಫೋಟೋ ಇರಲಿಲ್ಲ, ಕಟ್ಟಿಸಿದವರ ಮುಖಗಳೂ ಇರಲಿಲ್ಲ. ರೊಟ್ಟಿ ಅಂಗಡಿಯ ಗೋಡೆಯ ಮೇಲೆ ಪಾವ್ಲೋನ ಹೆಸರು ಕಂಡೆ. ಅವರ ಭಾಷೆ ಓದಲು ಬರದಿದ್ದರೂ ಅಷ್ಟು ಗುರುತು ಹತ್ತಿತು.

ಸಾವಿನ ಮನೆಯಲ್ಲಿ ಅವರೂ ಒಲೆ ಹಚ್ಚುವುದಿಲ್ಲ. ನೆರೆಯವರು ಪಾತ್ರೆಗಳಲ್ಲಿ ಅಡುಗೆ ತಂದಿಟ್ಟು ಹೋಗುತ್ತಿದ್ದರು. ಅಕ್ಕ ಇದನ್ನು ಕಂಡು ತಲೆಯಾಡಿಸಿದಳು. ಆದರೆ ಅವಳು ಅಡುಗೆಮನೆಗೆ ಕಾಲಿಟ್ಟಾಗ ಮಾತು ನಿಲ್ಲುತ್ತಿತ್ತು. ಪರದೇಶದ ಹೆಂಗಸೊಬ್ಬಳು ತಮ್ಮನನ್ನು ಹಿಡಿದಿಟ್ಟುಕೊಂಡಳು, ಅವನು ಇಳಿದಿದ್ದರೆ ಅಣ್ಣ ಉಳಿಯುತ್ತಿದ್ದ ಎಂಬ ಮಾತು ಊರಲ್ಲಿತ್ತು. ವಿನುತಾ ರೊಟ್ಟಿ ಅಂಗಡಿಯಲ್ಲಿ ಯಾರೊಂದಿಗೋ ಜಗಳ ಮಾಡಿ ಬಂದಳು.

"ಯಾಕ ಜಗಳಾಡ್ತಿ?" ಎಂದಳು ಅಕ್ಕ. "ಅಂದ್ರ ಅನ್ಲಿ."

"ನೀ ಅವನ ಜೀವಾ ಉಳಿಸೀ ಅವ್ವಾ!"

"ಅವಂಗ ಅದು ಬೇಕಾಗಿತ್ತಂತ ಯಾರು ಹೇಳಿದ್ರು ನಿನಗ?"

ಪಾವ್ಲೋನ ಮಣ್ಣಾದ ದಿನ ಅಕ್ಕ ಅಂಗಳದ ನಲ್ಲಿಯ ಕೆಳಗೆ ಸೀರೆ ಸಮೇತ ತಲೆಗೆ ನೀರು ಹಾಕಿಕೊಂಡಳು. ಅಲ್ಲಿನ ಹೆಂಗಸರು ಕಿಟಕಿಯಿಂದ ನೋಡಿದರು. ಮಿಕೇಲೆ ಅದೇ ಅಂಗಳ ದಾಟಿ ಹೋದ, ಈ ಕಡೆ ತಿರುಗಲಿಲ್ಲ. ಹಗೇವಿನ ಬಾಯಿಗೆ ಪೊಲೀಸರು ಪಟ್ಟಿ ಕಟ್ಟಿದ್ದರು. ತೆರೇಸಾಳ ಕೋಣೆಯ ಕೊನೆಯ ಗೋಡೆ ಅರ್ಧ ಮಣ್ಣು, ಅರ್ಧ ಕಲ್ಲಾಗಿ ಹಾಗೇ ಇತ್ತು.

ಹೊರಡುವ ದಿನ

ವಿನುತಾ ನಮ್ಮ ಜೊತೆ ಕೆಲವು ದಿನಕ್ಕೆಂದು ಊರಿಗೆ ಹೊರಟಿದ್ದಳು. ಚೀಲಗಳನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಬಾಡಿಗೆ ಕಾರಿಗೆ ಕಾಯುತ್ತಿದ್ದಾಗ ತೆರೇಸಾ ಬಂದಳು. ಮೈತುಂಬ ಕಪ್ಪು ಬಟ್ಟೆ. ಕೈಯಲ್ಲಿ ಎಣ್ಣೆಯ ಬಟ್ಟಲು. ಅಕ್ಕನ ಪಕ್ಕದಲ್ಲಿ ಕುಳಿತು, ಕೇಳದೆಯೇ ಅವಳ ಬಲಗೈ ಎಳೆದುಕೊಂಡು ಸೆರಗು ಸರಿಸಿದಳು.

ಕಚ್ಚಿದ ಗಾಯ ಕಪ್ಪಾಗಿತ್ತು. ಹಲ್ಲಿನ ಸಾಲು ಸ್ಪಷ್ಟವಾಗಿತ್ತು. ತೆರೇಸಾ ಅದನ್ನು ಬಹಳ ಹೊತ್ತು ನೋಡಿದಳು. ಬೆರಳನ್ನು ಎಣ್ಣೆಯಲ್ಲಿ ಅದ್ದಿ ಸವರತೊಡಗಿದಳು. ಸವರುತ್ತಲೇ ಮಾತಾಡಿದಳು. ವಿನುತಾ ನಡುವೆ ನಿಂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಹೇಳಿದಳು.

"ನಿನಗ ಹೆಂಗ ಗೊತ್ತಾತು ಅಂತ ಕೇಳಾಕತ್ತಾಳ ಅವ್ವಾ."

"ನಮ್ಮ ಮನ್ಯಾಗ ಇಬ್ಬರು ಹಿಂಗ ಹೋಗ್ಯಾರ ಅಂತ ಹೇಳು. ಮೊದಲ ಮೈದುನ. ಅವನ ಹಿಂದ ನಿಮ್ಮಪ್ಪ."

ವಿನುತಾ ಹೇಳಿದಳು. ತೆರೇಸಾಳ ಬೆರಳು ನಿಂತಿತು. ಅವಳು ಇನ್ನೊಂದು ಕೇಳಿದಳು. ವಿನುತಾ ಅದನ್ನೂ ಕನ್ನಡಕ್ಕೆ ತಂದಳು.

"ನಿನ್ನ ಗಂಡನ್ನ ಹಿಡ್ಯಾಕ ಯಾರೂ ಇರಲಿಲ್ಲೇನು ಅಂತಾಳ. ನೀ ಅಡಗಿಮನ್ಯಾಗ ಇದ್ದಿ ಅಂತ ಹೇಳ್ಲಿ?"

ಅಕ್ಕ ಅಂಗಳದ ಮೂಲೆಯ ಕಡೆ ನೋಡುತ್ತಿದ್ದಳು.

"ಬ್ಯಾಡ" ಎಂದಳು. "ಅಡಗಿಮನ್ಯಾಗ ಇರಲಿಲ್ಲ ನಾ. ಅಲ್ಲೇ ಇದ್ದೆ, ಹಗೇವಿನ ಬಾಯಿ ಹಂತೇಲೆ. ಅವರ ಅಂಗಿ ಚುಂಗು ಕೈಗೆ ಸಿಕ್ಕಿತ್ತು. ಒಂದ ಕೈಗೆ. ಎರಡೂ ಕೈಲೆ ಹಿಡದಿದ್ರ ನಿಲ್ಲತಿದ್ರು."

"ಯಾಕ ಹಿಡೀಲಿಲ್ಲ ಮತ್ತ?" ಇದನ್ನು ತೆರೇಸಾ ಕೇಳಿರಲಿಲ್ಲ. ವಿನುತಾ ತಾನೇ ಕೇಳಿದ್ದು.

"ಇನ್ನೊಂದು ಕೈಯಾಗ ಕೂಸಿತ್ತು. ಕೆಳಗ ಇಳಿಸಿ ಹಿಡೀಬೇಕಂದೆ. ಇಳಸೂದ್ರಾಗ ಅಂಗಿ ಹರೀತು."

ದೂರದಲ್ಲಿ ಕಾರು ಬರುವ ಧೂಳು ಕಾಣಿಸಿತು. ವಿನುತಾ ತೆರೇಸಾಳ ಕಡೆ ತಿರುಗಿ ಮಾತು ಶುರು ಮಾಡಿದಳು. ನಾಲ್ಕು ಶಬ್ದ ಆಡಿರಬೇಕು. ಐದನೆಯದಕ್ಕೆ ನಿಂತಳು. ಅಕ್ಕನಿಗೆ ಮಕ್ಕಳೆಂದರೆ ಅವಳೊಬ್ಬಳೇ.

ತೆರೇಸಾ ಕಾಯುತ್ತಿದ್ದಳು. ಅಕ್ಕನ ಕೈ ಇನ್ನೂ ಅವಳ ತೊಡೆಯ ಮೇಲಿತ್ತು.

"ಹೇಳವಾ" ಎಂದಳು ಅಕ್ಕ. "ಕೇಳಿದಾಕಿಗೆ ಹೇಳಬೇಕು."

ವಿನುತಾ ಹೇಳಿದಳು.

ಬ್ಯಾಡಗಿಯ ವಾಡೆಯ ಕೆಲಸ ಈಗ ನಡೆದಿದೆ. ಮಳೆನೀರಿಗೆ ಹಿತ್ತಲಲ್ಲಿ ಬೇರೆ ತೊಟ್ಟಿ ಕಟ್ಟುತ್ತಿದ್ದೇವೆ, ಆಕಾಶಕ್ಕೆ ತೆರೆದದ್ದು. ಗಿಲಾವಿನ ಮಣ್ಣು ಅಂಗಳದಲ್ಲಿ ಬಯಲಿಗೆ ಕೊಳೆಯುತ್ತಿದೆ. ವಿನುತಾ ವಾಪಸು ಹೋಗಿಲ್ಲ. ಪಡಸಾಲೆಯ ಆ ಚಪ್ಪಡಿ ಕಲ್ಲನ್ನು ನಾವು ಸರಿಸಿಲ್ಲ. ಕೆಲಸದವರು ದಾಟುವಾಗ ಅದರ ಮೇಲೆ ಕಾಲಿಡದ ಹಾಗೆ ವಿನುತಾಳೇ ಅದರ ಸುತ್ತ ಒಂದು ಮೊಳದ ಮಣ್ಣಿನ ಗೋಡೆ ಎಬ್ಬಿಸಿದ್ದಾಳೆ. ಎರಡೂ ಕೈಯಿಂದ ಮೆತ್ತಿದ್ದು. ಬೆರಳಿನ ಗುರುತುಗಳನ್ನು ಒರೆಸಿಲ್ಲ.